ನೌಬಾದಿನಿಂದ ಬೋನಾಳಕ್ಕೆ: ನೀರಿನ ಬೆನ್ನು ಹತ್ತಿ ಐದು ದಿನ

ಕೆರೆ ನೋಡಲು ಹೋದವರು ಸಾಮಾನ್ಯವಾಗಿ ಏರಿ, ಅಂದರೆ ಕೆರೆಯ ಕಟ್ಟೆ, ಹತ್ತಿ ನಿಂತು, ನೀರು ಎಷ್ಟಿದೆ ಎಂದು ನೋಡಿ, ಇಳಿದು ಬರುತ್ತಾರೆ. ಈ ತಿರುಗಾಟದ ಕ್ರಮ ಅದಕ್ಕೆ ತಿರುವುಮುರುವು. ಮಳೆ ಬಿದ್ದ ದಿಬ್ಬದಿಂದ ಶುರು, ಏರಿ ಕೊನೆಗೆ. ಬೀದರಿನಿಂದ ಸುರಪುರದ ಬೋನಾಳದವರೆಗೆ ಮೂರು ಜಿಲ್ಲೆ, ಐದು ದಿನ.

ಹೊರಟದ್ದು ಎಳ್ಳಮಾವಾಸ್ಯೆ ಮುಗಿದ ಮರುವಾರ. ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ತೊಗರಿ ರಾಶಿ ನಡೆದಿರುತ್ತದೆ, ಕೆರೆಯ ನೀರು ಅರ್ಧಕ್ಕೆ ಇಳಿದಿರುತ್ತದೆ. ತುಂಬಿದ ಕೆರೆ ತನ್ನ ದೋಷಗಳನ್ನೆಲ್ಲ ಮುಚ್ಚಿಕೊಂಡಿರುತ್ತದೆ. ಬತ್ತಿದ ಕೆರೆ ನೋಡಿ ಎಲ್ಲಿ ಸೋರಿತು ಎಂದು ಹೇಳಲಾಗದು. ಅರ್ಧ ಇಳಿದಾಗ ಹೊಲಕ್ಕೆ ನೀರು ಬಿಡುವ ತೂಬಿನ ಕಂಡಿ, ಮಿಕ್ಕ ನೀರು ಹೊರಬೀಳುವ ಕೋಡಿಯ ಬುಡ, ಹಳ್ಳ ಹೊತ್ತು ತಂದ ಮರಳಿನ ನಾಲಿಗೆ ಎಲ್ಲವೂ ಕಾಣುತ್ತವೆ. ಬೇಸಿಗೆಯಲ್ಲಿ ಹೂಳು ತೆಗೆಯಬೇಕಾದರೆ ಲೆಕ್ಕ ಹಾಕುವ ಹೊತ್ತೂ ಇದೇ. ಚೀಲದಲ್ಲಿ ಗೌಂಡಿಗಳು ಮಟ್ಟ ನೋಡುವ 20 ಮೀಟರ್ ಪಾರದರ್ಶಕ ಪೈಪು, ಅಳತೆ ಟೇಪು, ಗ್ರಾಮ ನಕಾಶೆಯ ಪ್ರತಿ, ಒಂದು ಕೈಗನ್ನಡಿ, ಸಣ್ಣ ಗುದ್ದಲಿ. ಕನ್ನಡಿ ಯಾಕೆಂದು ಮೊದಲ ದಿನವೇ ಗೊತ್ತಾಗುತ್ತದೆ.

ಮೊದಲ ದಿನ: ಬೀದರ್, ನೌಬಾದ್

ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ದೊಡ್ಡ ತಟ್ಟೆಯ ಮೇಲೆ. ಕೆಳಗೆ ದಖನ್ನಿನ ಕಪ್ಪು ಬಸಾಲ್ಟ್. ವರ್ಷಕ್ಕೆ ಸರಾಸರಿ 850 ಮಿ.ಮೀ. ಆಸುಪಾಸಿನ ಮಳೆ ಈ ಕೆಂಪು ಕಲ್ಲಿನ ತೂತುಗಳಲ್ಲಿ ಇಂಗಿ, ತಳದ ಜೇಡಿಗೆ ಬಡಿದು, ಅಡ್ಡಡ್ಡ ಸರಿದು, ತಟ್ಟೆಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಗುರುನಾನಕ್ ಝೀರಾದಲ್ಲಿ ಕಾಣುವ ನೀರು, ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು, ಪಾಪನಾಶ ಕೆರೆಯ ಬುಡದ ಒರತೆ, ಮೂರನ್ನೂ ಬೇರೆ ಬೇರೆ ಪವಾಡವಾಗಿ ನೋಡುವ ರೂಢಿ ನಮ್ಮದು. ಮೂರಕ್ಕೂ ಕೊಡ ಒಂದೇ. ಆ ಕೊಡದ ಬಾಯಿ ಊರಿನ ಮೇಲಿನ ಬಯಲು. ಅದರ ಮೇಲೆ ಕಾಂಕ್ರೀಟು ಬಿದ್ದಷ್ಟೂ ಬಾಯಿ ಕಿರಿದಾಗುತ್ತದೆ.

ಇದನ್ನು ಬಹಮನಿ ಕಾಲದವರು ಚೆನ್ನಾಗಿ ಅರಿತಿದ್ದರು ಎನ್ನಲು ನೌಬಾದಿನ ಕಾರೇಜ್ ಸಾಕ್ಷಿ. ಜನರ ಬಾಯಲ್ಲಿ ಸುರಂಗ ಬಾವಿ. 15ನೇ ಶತಮಾನದ್ದು, ಎರಡು ಕಿ.ಮೀ.ಗೂ ಮಿಕ್ಕಿ ಉದ್ದ, ನೆಲದ ಮೇಲೆ ಸಾಲಾಗಿ 21 ಗಾಳಿಕಿಂಡಿಗಳು. ಸುರಂಗದ ಮೇಲಿನ ತುದಿ ಅಂತರ್ಜಲದ ಮಟ್ಟವನ್ನು ಮುಟ್ಟುತ್ತದೆ. ಅಲ್ಲಿಂದ ತೀರಾ ಸಣ್ಣ ಇಳಿಜಾರಿನಲ್ಲಿ ನೀರು ತಾನಾಗಿಯೇ ಹರಿದು ಬರುತ್ತದೆ. ಮೋಟಾರು ಬೇಡ, ಬಾವಿಗೆ ಹಗ್ಗ ಇಳಿಸುವುದೂ ಬೇಡ. ಇಳಿಜಾರು ಹೆಚ್ಚಾಗಿದ್ದರೆ ನೀರು ತಳವನ್ನು ಕೊರೆದು ಸುರಂಗ ಕುಸಿಯುತ್ತಿತ್ತು, ಕಡಿಮೆಯಾಗಿದ್ದರೆ ಹೂಳು ತುಂಬುತ್ತಿತ್ತು. ಗಾಳಿಕಿಂಡಿಗಳು ತೋಡುವಾಗ ಮಣ್ಣು ಮೇಲೆತ್ತಲು, ಒಳಗಿದ್ದವರಿಗೆ ಉಸಿರಾಡಲು, ಆಮೇಲೆ ಹೂಳು ತೆಗೆಯಲು. 2010ರ ದಶಕದಲ್ಲಿ ಇದರ ಹೂಳೆತ್ತುವ ಕೆಲಸ ನಡೆಯಿತು. ದಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ಕಾವಲು ಪಟ್ಟಿಗೆ ಸೇರಿದವು.

ಬೆಳಗಿನ ಎಂಟು–ಒಂಬತ್ತರ ಬಿಸಿಲನ್ನು ಕೈಗನ್ನಡಿಯಲ್ಲಿ ಹಿಡಿದು ಕಿಂಡಿಯ ಒಳಕ್ಕೆ ಹಾಯಿಸಬೇಕು. ಟಾರ್ಚಿಗಿಂತ ಇದು ಎಷ್ಟೋ ಮೇಲು. ಬೆಳಕಿನ ತುಂಡು ಗೋಡೆಯ ಮೇಲೆ ಇಳಿಯುತ್ತ ಹೋದಂತೆ ಕೆಂಪು ಕಲ್ಲಿನ ಮೇಲೆ ಉಳಿಯ ಓರೆ ಗೆರೆಗಳು ಒಂದೊಂದೇ ಎದ್ದು ಬರುತ್ತವೆ. ಜಂಬಿಟ್ಟಿಗೆ ಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಗಾರೆ ಹಚ್ಚದ ಸುರಂಗ ಇಷ್ಟು ಕಾಲ ನಿಂತದ್ದರಲ್ಲಿ ಆ ಗುಣದ ಪಾಲು ದೊಡ್ಡದು. ಒಳಗೆ ಇಳಿಯುವ ಸಾಹಸ ಯಾರೂ ಮಾಡಬಾರದು. ಮುಚ್ಚಿದ ಸುರಂಗದಲ್ಲಿ ಆಮ್ಲಜನಕ ಕಡಿಮೆ, ಚಾವಣಿಯ ಕಲ್ಲು ಯಾವಾಗ ಕಳಚುತ್ತದೋ ಹೇಳಲಾಗದು.

ಹಾಳಾಗುವುದು ಹೇಗೆ ಎಂಬುದು ಕಿಂಡಿಗಳ ಸುತ್ತ ನಡೆದರೇ ತಿಳಿಯುತ್ತದೆ. ಕಟ್ಟೆಯಿಲ್ಲದ ಕಿಂಡಿಗೆ ಮೊದಲು ಮಣ್ಣು ಜಾರುತ್ತದೆ, ಹಿಂದೆಯೇ ಕಸ ಬೀಳುತ್ತದೆ. ಬಾಯಿಯ ಸುತ್ತ ಮೂರಡಿ ಕಟ್ಟೆ, ಮೇಲೆ ಜಾಲರಿ, ಹೊರಗಡೆ ನೀರು ದೂರ ಸರಿಯುವಂತೆ ಇಳಿಜಾರಾದ ಕಲ್ಲುಹಾಸು, ಇಷ್ಟೇ ಸಾಕು. ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪೊಂದಿದೆ: ಮಳೆನೀರು ಇಂಗಲಿ ಎಂದು ರಸ್ತೆಯ ಮೋರಿಯನ್ನೇ ಕಿಂಡಿಗೆ ತಿರುಗಿಸುವುದು. ಕಿಂಡಿ ಇಂಗುಗುಂಡಿಯಲ್ಲ. ಅದಕ್ಕೆ ಬಿದ್ದ ನೀರು ಸೋಸದೇ ನೇರ ಸುರಂಗ ಸೇರುತ್ತದೆ, ರಸ್ತೆಯ ಎಣ್ಣೆ ಮತ್ತು ಬಚ್ಚಲ ನೀರಿನ ಸಮೇತ. ಇಂಗಿಸುವುದಾದರೆ ಕಿಂಡಿಯಿಂದ ದೂರ, ಮೇಲ್ಭಾಗದಲ್ಲಿ. 100 ಚದರ ಮೀಟರಿನ ಮಾಳಿಗೆಗೆ ವರ್ಷದ ಮಳೆಯಲ್ಲಿ ನೂರಕ್ಕೆ 80 ಪಾಲು ಹಿಡಿದರೂ 68,000 ಲೀಟರ್ ಸಿಗುತ್ತದೆ. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಉಳಿದದ್ದನ್ನು ಜಲ್ಲಿ–ಮರಳಿನ ಗುಂಡಿಗೆ ಇಳಿಸಬೇಕು. ಶೌಚದ ಗುಂಡಿಗೆ ಮಾಮೂಲಿ ಮಣ್ಣಿನಲ್ಲಿ ಬಾವಿಯಿಂದ 15 ಮೀಟರ್ ದೂರ ಸಾಕೆನ್ನುತ್ತಾರೆ. ಬಿರುಕು ತುಂಬಿದ ಈ ಕೆಂಪು ಕಲ್ಲಿನಲ್ಲಿ ಅದು ಸಾಲದು. ಇಲ್ಲಿ ನೀರು ಸೋಸಿಕೊಂಡು ಇಳಿಯುವುದಿಲ್ಲ, ಓಡುತ್ತದೆ.

ಸಂಜೆ ಪಾಪನಾಶ ಕೆರೆ. ಒರತೆಯ ಕೆರೆಗೆ ಹಳ್ಳದ ಕೆರೆಯ ಉಪಚಾರ ಒಗ್ಗುವುದಿಲ್ಲ ಎಂಬುದೊಂದನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಜೆಸಿಬಿ ಹಚ್ಚಿ ತಳ ಕೆದಕಿದರೆ ಒರತೆಯ ಬಾಯಿಗೇ ಜೇಡಿ ಮೆತ್ತಿಕೊಳ್ಳುತ್ತದೆ.

ಎರಡನೇ ದಿನ: ಗಾಯರಾಣದಿಂದ ಕೋಡಿಯವರೆಗೆ

ಭಾಲ್ಕಿ ಕಡೆಯ ಒಂದು ಊರ ಕೆರೆ. ಹೆಸರು ಮುಖ್ಯವಲ್ಲ, ಇಂಥವು ಆ ಭಾಗದಲ್ಲಿ ಎಷ್ಟೋ. ಮೇಲೆ ಊರ ದನ ಮೇಯುವ ಕಲ್ಲುಗಾಯರಾಣ, ನಡುವೆ ಹರಳು ಮಣ್ಣಿನ ಗರಸು ಹೊಲ, ಕೆಳಗೆ ಕಪ್ಪು ಮಣ್ಣಿನ ಎರೆ, ಕೊನೆಗೆ ಕೆರೆ. ನಡೆದರೆ ಎರಡೂವರೆ ತಾಸಿನ ದಾರಿ, ಅಳೆಯುತ್ತ ಹೋದರೆ ಇಡೀ ದಿನ.

ಮೊದಲು ಲೆಕ್ಕ. ಒಂದು ಹೆಕ್ಟೇರಿಗೆ 10 ಮಿ.ಮೀ. ಮಳೆ ಬಿದ್ದರೆ 100 ಘನ ಮೀಟರ್ ನೀರು. ಕೆರೆಗೆ 100 ಹೆಕ್ಟೇರ್ ಜಲಾನಯನ ಇದೆ, ವರ್ಷಕ್ಕೆ 800 ಮಿ.ಮೀ. ಮಳೆ, ಅದರಲ್ಲಿ ನೂರಕ್ಕೆ 15 ಪಾಲು ಹರಿದು ಬರುತ್ತದೆ ಎಂದಿಟ್ಟುಕೊಂಡರೆ 1,20,000 ಘನ ಮೀಟರ್. 2022ರ ಏಪ್ರಿಲ್ 24ರಂದು ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಒಂದೊಂದು ಕೆರೆಗೆ ಕೇಳಿದ್ದು ಕನಿಷ್ಠ ಒಂದೆಕರೆ ವಿಸ್ತೀರ್ಣ, 10,000 ಘನ ಮೀಟರ್ ನೀರು. ಅಂಥ ಹನ್ನೆರಡು ಕೆರೆಯ ನೀರು ಈ ಒಂದೇ ಹಳ್ಳದಲ್ಲಿ ಬರುತ್ತದೆ. ಹಾಗಾಗಿ ನೀರಿಗೆ ಕೊರತೆಯಿಲ್ಲ. ಅದರ ಜೊತೆ ಬರುವ ಮಣ್ಣೇ ತೊಂದರೆ. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಮಣ್ಣು ಕೊಚ್ಚಿಹೋದರೆ 100 ಹೆಕ್ಟೇರಿನಿಂದ 1,000 ಟನ್, ಅಂದರೆ ಸುಮಾರು 800 ಘನ ಮೀಟರ್. ನಮ್ಮ ಭಾಗದ ಬ್ರಾಸ್ ಲೆಕ್ಕದಲ್ಲಿ ಒಂದು ಬ್ರಾಸ್ ಎಂದರೆ 100 ಘನ ಅಡಿ, 2.83 ಘನ ಮೀಟರ್. ಹಾಗೆ ನೋಡಿದರೆ 280 ಬ್ರಾಸ್. ಅರ್ಧ ದಾರಿಯಲ್ಲೇ ಉಳಿದರೂ, ಟ್ರಾಲಿಗೆ ಒಂದು ಬ್ರಾಸಿನಂತೆ, ವರ್ಷಕ್ಕೆ 140 ಟ್ರಾಲಿ ಮಣ್ಣು ಕೆರೆಗೆ. ಮೇಲೆ ಏನೂ ಮಾಡದೆ ಕೆಳಗೆ ಹೂಳು ತೆಗೆಯುವುದು ನಲ್ಲಿ ಬಿಟ್ಟು ನೆಲ ಒರೆಸಿದಂತೆ.

ಗಾಯರಾಣದಲ್ಲಿ ಕಂದಕ. ಉದ್ದ 4 ಮೀ., ಅಗಲ ಅರ್ಧ, ಆಳ ಅರ್ಧ, ಒಂದಕ್ಕೆ ಒಂದು ಘನ ಮೀಟರ್. ಹೆಕ್ಟೇರಿಗೆ ನೂರು ತೋಡಿದರೆ 10 ಮಿ.ಮೀ. ಮಳೆಯಷ್ಟು ನೀರು ಅಲ್ಲೇ ಹಿಡಿಯುತ್ತದೆ. ಒಂದೇ ಉದ್ದನೆಯ ಗೆರೆಯಾಗಿ ತೋಡದೆ ತುಂಡು ತುಂಡಾಗಿ, ಮೇಲಿನ ಸಾಲಿನ ಖಾಲಿ ಜಾಗದ ಕೆಳಗೆ ಕೆಳಸಾಲಿನ ಕಂದಕ ಬರುವಂತೆ. ಒಂದೇ ಉದ್ದ ಕಂದಕದಲ್ಲಿ ಮಟ್ಟ ನಾಲ್ಕು ಬೆರಳು ತಪ್ಪಿದರೂ ನೀರೆಲ್ಲ ಒಂದು ಕಡೆ ಓಡಿ ಅಲ್ಲೇ ಒಡೆಯುತ್ತದೆ. ಮಟ್ಟ ನೋಡಲು ಪೈಪು: ಎರಡು ಕೋಲಿಗೆ ಎರಡು ತುದಿ ಕಟ್ಟಿ, ಗುಳ್ಳೆ ಉಳಿಯದಂತೆ ನೀರು ತುಂಬಿ, ಎರಡೂ ಕಡೆ ಒಂದೇ ಗುರುತಿಗೆ ನಿಂತ ಜಾಗಕ್ಕೆ ಸುಣ್ಣ. ಗುಳ್ಳೆ ಉಳಿದರೆ ಅಳತೆ ಸುಳ್ಳು ಹೇಳುತ್ತದೆ. ಕಂದಕ ತಪ್ಪಲು ಈ ಗುಳ್ಳೆಯೂ ಒಂದು ಕಾರಣ. ತೆಗೆದ ಮಣ್ಣನ್ನು ಕೆಳಬದಿಗೆ, ಅಂಚಿನಿಂದ ಒಂದಡಿ ಬಿಟ್ಟು ಹಾಕಬೇಕು, ಇಲ್ಲವಾದರೆ ಮೊದಲ ಮಳೆಗೇ ತಿರುಗಿ ಒಳಗೆ ಬೀಳುತ್ತದೆ. ಉದ್ಯೋಗ ಖಾತ್ರಿಯಲ್ಲಿ ತೋಡಿಸಿದ ಕಂದಕಗಳಲ್ಲಿ ಆ ಒಂದಡಿ ಇದೆಯೇ ಎಂದು ನೋಡಿದರೆ ಕೆಲಸ ನಿಂತು ಮಾಡಿಸಿದ್ದೋ ಕೂತು ಬರೆದದ್ದೋ ತಿಳಿಯುತ್ತದೆ.

ಕೆಳಗೆ ಎರೆ ಹೊಲಕ್ಕೆ ಇಳಿದೊಡನೆ ಈ ವಿದ್ಯೆಯನ್ನು ಮರೆಯಬೇಕು. ತೊಗರಿ ಕಟ್ಟಿಗೆ ಹೊರೆ ಕಟ್ಟುತ್ತಿದ್ದ ರೈತರೊಬ್ಬರು ಕಂದಕದ ಮಾತು ಕೇಳಿ ನಕ್ಕರು. "ಇಲ್ಲಿ ಅದು ನಡೆಯಂಗಿಲ್ರೀ. ಎರಿ ಹೊಲದಾಗ ನೀರ್ ತಡದ್ರ ಬೆಳಿ ಕೊಳೀತದ. ಬೇಸಿಗ್ಯಾಗ ಬದು ಸೀಳತದ, ಮಿರಗದ ಮಳಿ ಆ ಸೀಳಿನಾಗ ಹೊಕ್ಕು ಬದುನೇ ಒಯ್ತದ." ಅವರು ಹೇಳಿದ್ದಕ್ಕೆ ಒಂದಕ್ಷರ ಸೇರಿಸುವಂತಿಲ್ಲ. ಆಳದ ಎರೆಯಲ್ಲಿ ಸಮಮಟ್ಟದ ಬದು ನಿಲ್ಲುವುದಿಲ್ಲ. ನೂರು ಮೀಟರಿಗೆ 20ರಿಂದ 40 ಸೆಂ.ಮೀ. ಇಳಿಜಾರು ಕೊಟ್ಟ ಬದು ಹಾಕಿ, ನೀರನ್ನು ಓಡಿಸದೆ ನಡೆಸಿಕೊಂಡು ಹೋಗಿ, ಹುಲ್ಲು ಬೆಳೆದ ಬಸಿಗಾಲುವೆಗೆ ಬಿಡಬೇಕು. ಹೊಲದ ನೀರು ಹಳ್ಳಕ್ಕೆ ಬೀಳುವ ಮೂಲೆಯಲ್ಲಿ ಕಲ್ಲು ಜೋಡಿಸಿದ ಸಣ್ಣ ಕಟ್ಟೆಯೊಂದಿದ್ದರೆ ಕೊರಕಲು ಹೊಲದೊಳಗೆ ತಿನ್ನುತ್ತ ಬರುವುದು ನಿಲ್ಲುತ್ತದೆ. ಕೆರೆಗೆ ಬರುವ ಮಣ್ಣಿನಲ್ಲಿ ದೊಡ್ಡ ಪಾಲು ಇಂಥ ಮೂಲೆಗಳದ್ದೇ.

ಹಳ್ಳದಲ್ಲಿ ಕಲ್ಲುತಡೆ. ಬಸಾಲ್ಟ್ ಗುಂಡು ಬೇಕಾದಷ್ಟು ಸಿಗುವ ಕಡೆ ಸಿಮೆಂಟಿನ ಮಾತೇ ಬೇಡ. ಎತ್ತರ ಒಂದು ಮೀಟರ್ ಮೀರಬಾರದು. ಎರಡೂ ದಂಡೆಯೊಳಗೆ ಅರ್ಧ ಮೀಟರ್ ಹೊಕ್ಕಿಸಿ ಕಟ್ಟಬೇಕು, ನಡುಭಾಗ ತುದಿಗಳಿಗಿಂತ ಒಂದಡಿ ತಗ್ಗಿರಬೇಕು. ಈ ತಗ್ಗು ಬಿಟ್ಟರೆ ನೀರು ದಂಡೆಯ ಕಡೆ ಹೊರಳಿ ಮಣ್ಣು ಕೊರೆದು ಪಕ್ಕದಲ್ಲೇ ಹೊಸ ಹಳ್ಳ ಮಾಡಿಕೊಳ್ಳುತ್ತದೆ, ಕಲ್ಲುತಡೆ ನಡುವೆ ಗೋರಿಯ ಹಾಗೆ ಉಳಿಯುತ್ತದೆ. ಅಂಥ ಎರಡು ಗೋರಿಗಳು ಈ ಹಳ್ಳದಲ್ಲೇ ಇದ್ದವು. ಮೇಲಿನ ಮುಖ 1:1, ಕೆಳಮುಖ ಕನಿಷ್ಠ 2:1 ಇಳಿಜಾರು (ಎರಡಡಿ ಅಡ್ಡಕ್ಕೆ ಒಂದಡಿ ಎತ್ತರ), ದೊಡ್ಡ ಕಲ್ಲು ಕೆಳಮುಖಕ್ಕೆ. ಎರಡು ತಡೆಗಳ ಅಂತರಕ್ಕೆ ಸುಲಭ ಸೂತ್ರ: ಕೆಳಗಿನದರ ತಲೆ ಮೇಲಿನದರ ಬುಡದ ಮಟ್ಟಕ್ಕೆ. ನೂರಕ್ಕೆ ಐದರ ಇಳಿಜಾರಿನ ಹಳ್ಳದಲ್ಲಿ ಒಂದು ಮೀಟರ್ ಎತ್ತರದ ತಡೆಗಳಿಗೆ 20 ಮೀಟರ್ ಅಂತರ.

ಮಧ್ಯಾಹ್ನದ ರೊಟ್ಟಿ, ಪುಂಡಿಪಲ್ಯ ಮುಗಿಸಿ ಕೆರೆಯಂಗಳ. ನೀರು ಸರಿದ ಜಾಗದಲ್ಲಿ ನಾಲ್ಕು ಕಡೆ ಮೂರಡಿ ಗುಂಡಿ ತೋಡಿದರೆ ಹೂಳಿನ ಕಥೆಯೆಲ್ಲ ಹೊರಬರುತ್ತದೆ. ಹಳ್ಳ ಸೇರುವ ಬಾಯಲ್ಲಿ ಮರಳು, ನಡುವೆ ಗೋಡು, ಏರಿಯ ಹತ್ತಿರ ನುಣುಪು ಜೇಡಿ. ಹಸಿ ಹೂಳನ್ನು ಅಂಗೈಯಲ್ಲಿ ಶ್ಯಾವಿಗೆ ಹೊಸೆಯುವ ಹಾಗೆ ಹೊಸೆಯಬೇಕು. ನಾಲ್ಕು ಬೆರಳುದ್ದ ಒಡೆಯದೆ ಬಂದರೆ ಗರಸು ಹೊಲಕ್ಕೆ ಹಾಕಲು ಯೋಗ್ಯ. ಎರಡೇ ಬೆರಳಿಗೆ ಮುರಿದರೆ ಅದು ಮರಳು, ದಾರಿಯ ತಗ್ಗು ತುಂಬಲು ಸರಿ. ಒಣಗಿದಾಗ ಮೇಲೆ ಬಿಳಿ ಸವುಳು ಕಟ್ಟಿದರೆ ಯಾರ ಹೊಲಕ್ಕೂ ಬೇಡ. ಎಕರೆಗೆ 30 ಟ್ರಾಲಿ ಹರಡಿದರೆ ಎರಡು ಸೆಂ.ಮೀ. ಪದರವಾಗುತ್ತದೆ, ತೆಳು ನೆಲಕ್ಕೆ ಅಷ್ಟು ಸಾಕು. ಹೂಳೆಂದರೆ ಬಂಗಾರ ಎಂದು ಎರೆ ಹೊಲಕ್ಕೆ ಸುರಿಸಿಕೊಂಡವರು ಜೇಡಿಗೆ ಜೇಡಿ ಸೇರಿಸಿ ಕೈ ಸುಟ್ಟುಕೊಂಡದ್ದಿದೆ.

ಎಷ್ಟು ಆಳ ತೆಗೆಯಬೇಕು? ಗುಂಡಿಯ ಗೋಡೆಯಲ್ಲಿ ಬಣ್ಣ ಬದಲಾಗುವವರೆಗೆ. ಕಪ್ಪು ಹೂಳಿನ ಕೆಳಗೆ ಹಳೆಯ ಗಟ್ಟಿ ಜೇಡಿ, ಅದರ ಕೆಳಗೆ ನೀರು ಇಂಗುವ ಹರಳು ಮಣ್ಣು, ಮೊರಂ. ಆ ಜೇಡಿಯೇ ಕೆರೆಯ ಗಡಿಗೆಯ ತಳ. ಜೆಸಿಬಿಯ ಹಲ್ಲು ಅದನ್ನು ಒಡೆದು ಮೊರಂ ಮುಟ್ಟಿದರೆ ನೀರು ನಿಲ್ಲುವುದಿಲ್ಲ. ಇಂಗುಕೆರೆ ಬೇಕೆಂದವರಿಗೆ ಅದು ಸರಿ, ದನಕರುಗಳಿಗೆ ಮೇ ತಿಂಗಳವರೆಗೆ ನೀರು ಬೇಕೆಂದವರಿಗೆ ನಷ್ಟ. ಯಾವುದು ಬೇಕೆಂದು ಮೊದಲೇ ಊರವರು ಕೂತು ತೀರ್ಮಾನಿಸಬೇಕು. ಏರಿಯ ಬುಡದಿಂದ 10–15 ಮೀಟರ್ ಒಳಗೆ ಗುದ್ದಲಿ ಹಾಕಲೇಬಾರದು. ಒಳ್ಳೆಯ ಜೇಡಿ ಅಲ್ಲೇ ಇರುವುದರಿಂದ ಟ್ರ್ಯಾಕ್ಟರಿನವರ ಕಣ್ಣೂ ಅಲ್ಲೇ. ಅಲ್ಲಿ ತೋಡಿದರೆ ಏರಿಯ ಕಾಲು ಕಡಿದಂತೆ, ಮುಂದಿನ ಮಳೆಗಾಲದಲ್ಲಿ ಒಳಮುಖ ಜಾರುತ್ತದೆ.

ಏರಿಯ ಮೇಲೆ ಬಳ್ಳಾರಿ ಜಾಲಿ ದಟ್ಟವಾಗಿತ್ತು. ಕಡಿದು ಬಿಟ್ಟರಾಯಿತು ಎಂಬ ಆತುರ ಬೇಡ. ದೊಡ್ಡ ಜಾಲಿ ಕಡಿದು ಬೇರು ಬಿಟ್ಟರೆ ಅದು ಕೊಳೆತು ಏರಿಯೊಳಗೆ ಕೊಳವೆಯಾಗುತ್ತದೆ, ನೀರಿಗೆ ದಾರಿ ಸಿದ್ಧ. ಸಸಿ ಇರುವಾಗಲೇ ಕೀಳುವುದು ಜಾಣತನ. ಬೆಳೆದದ್ದಾದರೆ ಬುಡ ಸಮೇತ ಅಗೆದು ಗುಂಡಿಗೆ ಜೇಡಿಮಣ್ಣನ್ನು ಅರ್ಧರ್ಧ ಅಡಿ ಪದರದಲ್ಲಿ, ಒದ್ದೆ ಮಾಡಿ ದಿಮ್ಮಸು ಹೊಡೆದು ತುಂಬಬೇಕು. ಹೊರಬದಿಯ ಬುಡದಲ್ಲಿ ಜಿನುಗು ಕಂಡರೆ ಲೋಟದಲ್ಲಿ ಹಿಡಿದು ನೋಡಿ. ತಿಳಿನೀರಾದರೆ ಕಾದು ನೋಡಬಹುದು. ಮಣ್ಣುನೀರಾದರೆ ಏರಿ ಒಳಗೊಳಗೇ ಕರಗುತ್ತಿದೆ. ಆಗ ಜನ ಮೊದಲು ಮಾಡುವುದು ಹೊರಗಿನಿಂದ ಜೇಡಿ ಮೆತ್ತಿ ಬಾಯಿ ಮುಚ್ಚುವುದು. ಅದೇ ದೊಡ್ಡ ತಪ್ಪು. ಒತ್ತಡ ಒಳಗೆ ಕಟ್ಟಿಕೊಂಡು ಬೇರೆ ಕಡೆ ಸಿಡಿಯುತ್ತದೆ. ಜಿನುಗಿನ ಮೇಲೆ ಮೊದಲು ಮರಳು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು ಪೇರಿಸಿ, ನೀರು ಬರಲಿ ಮಣ್ಣು ಬರದಿರಲಿ ಎಂಬಂತೆ ಮಾಡಿ, ತೂಬು ತೆರೆದು ಮಟ್ಟ ಇಳಿಸಬೇಕು.

ಕೊನೆಗೆ ಕೋಡಿ. ಇಲ್ಲಿ ಎರಡು ಸಾಲು ಮರಳಿನ ಚೀಲ ಪೇರಿಸಿದ್ದರು, ಒಂದಡಿ ನೀರು ಹೆಚ್ಚು ನಿಲ್ಲಲಿ ಎಂದು. ಮೇಲೆ ಮೀನಿನ ಬಲೆಯ ಹರಿದ ತುಂಡು, ಅದಕ್ಕೆ ಸಿಕ್ಕಿದ ಒಣಗಿದ ಸೋಯಾ ಕಸ. ಕೋಡಿ ಒಂದಡಿ ಏರಿದರೆ ಏರಿಯ ತಲೆಗೂ ನೀರಿಗೂ ನಡುವಿನ ಅಂತರ ಒಂದಡಿ ಕಡಿಮೆಯಾಯಿತು. ಬಲೆಗೆ ಕಸ ಕಟ್ಟಿದರೆ ಇನ್ನೊಂದಡಿ. ಒಂದೇ ರಾತ್ರಿ 100 ಮಿ.ಮೀ. ಮಳೆ ಬೀಳುವುದು ನಮ್ಮಲ್ಲಿ ಅಪರೂಪವೇನಲ್ಲ. ಆಗ ನೀರು ಕೋಡಿ ಬಿಟ್ಟು ಏರಿಯ ಮೇಲೆ ಹರಿಯುತ್ತದೆ, ಮಣ್ಣಿನ ಏರಿ ಅದನ್ನು ತಡೆಯುವುದು ತಾಸೆರಡು ತಾಸು. ನಮ್ಮ ಕೆರೆಗಳು ಒಡೆಯುವುದರಲ್ಲಿ ಮಳೆಯ ಪಾಲಿಗಿಂತ ಈ ಚೀಲಗಳ ಪಾಲು ಹೆಚ್ಚೆಂದು ಧೈರ್ಯವಾಗಿ ಹೇಳಬಹುದು.

ಹೊರಡುವ ಮುಂಚೆ ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಸೆಂಟಿಮೀಟರ್ ಗುರುತು ಹಾಕಿಸಿದರೆ ಖರ್ಚು ಒಂದು ಡಬ್ಬಿ ಪೇಂಟು. ವಾರಕ್ಕೊಮ್ಮೆ ಓದಬೇಕು. ಚಳಿಗಾಲದಲ್ಲಿ ತೂಬು ಮುಚ್ಚಿದ್ದಾಗ ವಾರಕ್ಕೆ ಮೂರು–ನಾಲ್ಕು ಸೆಂ.ಮೀ. ಇಳಿದರೆ ಅದು ಬಿಸಿಲಿನ ಪಾಲು. ಹತ್ತು ಇಳಿದರೆ ಸೋರಿಕೆ, ಇಂಗು ಅಥವಾ ರಾತ್ರಿಯ ಮೋಟಾರು, ಮೂರರಲ್ಲಿ ಒಂದು.

ಮೂರನೇ ದಿನ: ಕಲಬುರಗಿ

ಬೀದರಿನ ಕಾರಂಜಾ ಮಾಂಜ್ರಾ ನದಿಯ ಮೂಲಕ ಗೋದಾವರಿಗೆ ಸೇರುತ್ತದೆ. ಬಸವಕಲ್ಯಾಣದ ಕಡೆ ಹುಟ್ಟುವ ಮುಲ್ಲಾಮಾರಿ ಕಾಗಿಣಾ, ಭೀಮಾ ಹಾದು ಕೃಷ್ಣೆಗೆ. ಹುಮನಾಬಾದಿನ ಆಸುಪಾಸಿನ ಬಯಲಲ್ಲಿ ಈ ಎರಡು ಮಹಾನದಿಗಳ ನೀರು ಬೇರೆಯಾಗುತ್ತದೆ. ಬಸ್ಸಿನಲ್ಲಿ ಕೂತವರಿಗೆ ಅದರ ಸುಳಿವೇ ಸಿಗುವುದಿಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆ ಕೊಳ್ಳಲು ಇಳಿದರೆ ತಪ್ಪಲ್ಲ.

ಕಲಬುರಗಿಯ ಶರಣಬಸವೇಶ್ವರ ಕೆರೆ, ಊರವರಿಗೆ ಅಪ್ಪನ ಕೆರೆ. ಸಂಜೆ ಇಲ್ಲಿ ವಾಯುವಿಹಾರದವರು, ಹೊರಗೆ ಮಿರ್ಚಿ ಭಜಿ ಗಾಡಿಗಳು. ಪಟ್ಟಣದ ಯಾವ ಕೆರೆಗೂ ಹೊಲದ ಮಣ್ಣಿನ ಭಯವಿಲ್ಲ, ಬಚ್ಚಲ ನೀರಿನ ಭಯ. ರಂಜಕ ಮತ್ತು ಸಾರಜನಕ ಸೇರಿ ನೀರು ಹಸಿರುಗಟ್ಟುತ್ತದೆ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಕುಡಿಯುತ್ತದೆ. ಹಾಗಾಗಿ ಮೀನು ಸಾಯುವುದು ಬೆಳಗಿನ ಜಾವ, ಅದರಲ್ಲೂ ಮೋಡ ಕವಿದ ದಿನದ ಮರುದಿನ. ಲೀಟರಿಗೆ ಎರಡು–ಮೂರು ಮಿಲಿಗ್ರಾಂಗಿಂತ ಆಮ್ಲಜನಕ ಇಳಿದರೆ ದೊಡ್ಡ ಮೀನು ಮೊದಲು ಬಾಯಿ ತೆರೆದು ಮೇಲೆ ಬರುತ್ತವೆ. ಯಾರೋ ವಿಷ ಹಾಕಿದರು ಎಂಬ ಗದ್ದಲ ಏಳುವುದು ಆಗಲೇ. ನೀರಿನ ತಿಳಿ ನೋಡಲು 20 ಸೆಂ.ಮೀ. ಅಗಲದ ಸ್ಟೀಲ್ ತಟ್ಟೆಗೆ ಕಪ್ಪು–ಬಿಳಿ ಕಾಲುಭಾಗಗಳಾಗಿ ಬಣ್ಣ ಬಳಿದು, ದಾರ ಕಟ್ಟಿ ಇಳಿಸಿದರೆ ಸಾಕು. ಒಂದಡಿಯೊಳಗೇ ಕಾಣದಾದರೆ ಪಾಚಿ ಮಿತಿಮೀರಿದೆ.

ಅಂತರಗಂಗೆಯನ್ನು ಹೂ ಬಿಡುವ ಮುಂಚೆ ತೆಗೆಯಬೇಕು, ಅದರ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಒಂದೆರಡು ವಾರದಲ್ಲಿ ದುಪ್ಪಟ್ಟಾಗುವ ಗಿಡವನ್ನು ಮುಕ್ಕಾಲು ತೆಗೆದು ಕೈಬಿಟ್ಟರೆ ತಿಂಗಳಲ್ಲಿ ಮತ್ತೆ ಅಷ್ಟೇ. ಗಣೇಶ ವಿಸರ್ಜನೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಪರಿಷ್ಕೃತ ಮಾರ್ಗಸೂಚಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯನ್ನೇ ಬೇಡವೆನ್ನುತ್ತದೆ. ಕೆರೆಯ ಮಗ್ಗುಲಲ್ಲೇ ಪ್ರತ್ಯೇಕ ಹೊಂಡ ಮಾಡಿದ ಕಡೆ ಜನ ತಕರಾರಿಲ್ಲದೆ ಅಲ್ಲಿಗೇ ಬರುತ್ತಾರೆ.

ಪಟ್ಟಣದ ಕೆರೆಗಳ ಸೌಂದರ್ಯೀಕರಣ ಎಂಬ ಪದದ ಬಗ್ಗೆ ಒಂದು ಮಾತು. ಸುತ್ತಲೂ ಕಲ್ಲು ಕಟ್ಟಿ, ದಂಡೆಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಕೆರೆಯಾಗಿ ಉಳಿಯುವುದಿಲ್ಲ, ತೊಟ್ಟಿಯಾಗುತ್ತದೆ. ಮೀನು ಮೊಟ್ಟೆಯಿಡುವುದು, ಜಂಬು ಹುಲ್ಲು ಕೊಳೆ ಹೀರುವುದು ಮೊಣಕಾಲುದ್ದ ನೀರಿನ ಅಂಚಿನಲ್ಲಿ. ಮೂರು ಬದಿ ಕಲ್ಲು ಕಟ್ಟಿದರೂ ನೀರು ಬರುವ ಬದಿಯನ್ನು ಇಳಿಜಾರಾಗಿ, ಹುಲ್ಲಿನೊಂದಿಗೆ ಬಿಡುವುದು ಒಳ್ಳೆಯದು.

ನಾಲ್ಕನೇ ದಿನ: ಜೇವರ್ಗಿ, ಶಹಾಪುರ, ಸುರಪುರ

ಕಟ್ಟಿಸಂಗಾವಿ ಸೇತುವೆಯಲ್ಲಿ ಭೀಮೆ ದಾಟಿ ಜೇವರ್ಗಿ. ಶಹಾಪುರದ ಹತ್ತಿರ ಬಂದಂತೆ ನೆಲವೇ ಬೇರೆ: ಬುದ್ಧ ಮಲಗಿದಂತೆ ಕಾಣುವ ಗುಡ್ಡ, ಗ್ರಾನೈಟಿನ ದುಂಡು ಬಂಡೆಗಳು. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಜಾರಿ ಬರುತ್ತದೆ. ಎರಡು ಗುಡ್ಡದ ನಡುವೆ ಗಿಡ್ಡ ಏರಿ ಹಾಕಿದರೂ ದೊಡ್ಡ ಕೆರೆಯಾಗುತ್ತದೆ. ಬರುವ ನೀರಿನ ರಭಸವೂ ಅಷ್ಟೇ ದೊಡ್ಡದು, ಕೋಡಿ ಅಗಲವಾಗಿರಲೇಬೇಕು.

ಇಲ್ಲಿಂದಾಚೆ ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆ. ಜೋಳದ ಜಾಗದಲ್ಲಿ ಭತ್ತ. ಕಾಲುವೆ ಬಂದ ಮೇಲೆ ಕೆರೆಗಳ ಗೋಳು ತಲೆಕೆಳಗಾಯಿತು: ಮೊದಲು ನೀರಿಲ್ಲ, ಈಗ ನೀರು ಇಳಿಯುವುದೇ ಇಲ್ಲ. ಗದ್ದೆಯ ಬಸಿನೀರು ಗೊಬ್ಬರದ ಸಮೇತ ತಗ್ಗಿಗೆ ಬಂದು ಜಂಬು ಹುಲ್ಲನ್ನು ಆಳೆತ್ತರ ಬೆಳೆಸುತ್ತದೆ.

ಮಧ್ಯಾಹ್ನ ಸುರಪುರದಲ್ಲಿ ಕಾಗದದ ಕೆಲಸ. ಕೆರೆ ಉಳಿಸುವ ಕೆಲಸದಲ್ಲಿ ಅರ್ಧ ಪಾಲು ಇದೇ. ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ), ಪಹಣಿ ಮೂರನ್ನೂ ಪಕ್ಕದಲ್ಲಿಟ್ಟು ಕೆರೆಯ ಸರ್ವೆ ನಂಬರು, ವಿಸ್ತೀರ್ಣ ತಾಳೆ ನೋಡಬೇಕು. ಕೆರೆಗೆ ಬರುವ ಹಳ್ಳದ ಗೆರೆ ನಕಾಶೆಯಲ್ಲಿದೆ, ಆದರೆ ಪಹಣಿಯಲ್ಲಿ ಅದಕ್ಕೆ ಬೇರೆ ನಂಬರಿಲ್ಲದೆ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಬಾರದ ನೆಲದ ಲೆಕ್ಕದಲ್ಲಿ, ಅಡಗಿರುತ್ತದೆ. ಒತ್ತುವರಿ ಶುರುವಾಗುವುದು ಅಲ್ಲಿಂದ. ದಿಶಾಂಕ್ ಆ್ಯಪಿನಲ್ಲಿ ಹೊಲದಲ್ಲೇ ನಿಂತು ಸರ್ವೆ ನಂಬರು ನೋಡಬಹುದು, ಅಂದಾಜಿಗಷ್ಟೇ. ಗಡಿಯ ತಕರಾರಿಗೆ ಭೂಮಾಪಕರ ಅಳತೆಯೇ ಆಗಬೇಕು. ಅರ್ಜಿ ಯಾರಿಗೆ ಎಂಬುದು ಅಚ್ಚುಕಟ್ಟಿನ, ಅಂದರೆ ಕೆರೆ ನೀರುಣಿಸುವ ನೆಲದ, ಮೇಲೆ ನಿಂತಿದೆ: 40 ಹೆಕ್ಟೇರಿಗೆ ಮೇಲ್ಪಟ್ಟು 2,000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕವು ಪಂಚಾಯತಿಗಳ ಪಾಲು. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 2014ರದ್ದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಮುಂದಿನ ಮಳೆಗಾಲದವರೆಗೂ ಅಲ್ಲೇ ಮಲಗಿರುತ್ತದೆ. ಕಲ್ಲು ನೆಡುವಾಗ ಕೆರೆಯ ಗಡಿಗಿಂತ ಮೊದಲು ಹಳ್ಳದ ಗಡಿಗೆ ನೆಡಿಸಿ.

ಸಂಜೆಗೆ ಹೊತ್ತು ಮಿಕ್ಕರೆ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಬಂಗಲೆ, ಟೇಲರ್ ಮಂಜಿಲ್.

ಐದನೇ ದಿನ: ಬೋನಾಳ

ಸುರಪುರದಿಂದ ಸುಮಾರು ಹತ್ತು ಕಿ.ಮೀ. ಬೆಳಕು ಹರಿಯುವ ಮೊದಲೇ ಏರಿಯ ಮೇಲಿರಬೇಕು. 17ನೇ ಶತಮಾನದಲ್ಲಿ ಸುರಪುರದ ರಾಜಾ ಪಾಮನಾಯಕರು ಕಟ್ಟಿಸಿದ ಕೆರೆ, 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ದುರಸ್ತಿ ಕಂಡಿತು. ಈಗ ಪಕ್ಷಿಧಾಮ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನೇರಳೆ ಜಂಬುಕೋಳಿ ವರ್ಷವಿಡೀ ಇರುತ್ತದೆ, ಜಂಬಿನ ಎಳೆ ಕಾಂಡವನ್ನು ಕಾಲಲ್ಲಿ ಹಿಡಿದು, ಕಬ್ಬು ಸಿಗಿಯುವ ಹಾಗೆ ಸಿಗಿದು ತಿನ್ನುತ್ತದೆ.

ಹಾಗಾಗಿ ಜಂಬನ್ನು ಪೂರ್ತಿ ತೆಗೆಯುವುದು ತಪ್ಪು, ಬಿಟ್ಟುಬಿಡುವುದೂ ತಪ್ಪು. ತುಂಡು ತುಂಡಾಗಿ, ನಡುವೆ ತೆರೆದ ನೀರು ಉಳಿಯುವಂತೆ ಕತ್ತರಿಸಬೇಕು. ನೀರಿನ ಮೇಲೆ ಕತ್ತರಿಸಿದರೆ ಹದಿನೈದು ದಿನದಲ್ಲಿ ಚಿಗುರುತ್ತದೆ. ನೀರಿನೊಳಗೆ ಗೇಣುದ್ದ ಕೆಳಗೆ ಕತ್ತರಿಸಿದರೆ ಬೇರಿಗೆ ಗಾಳಿ ಹೋಗುವ ದಾರಿ ಮುಚ್ಚಿ ಗೆಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ಕತ್ತರಿಸಿ, ಮೋಟು ಮುಳುಗುವಂತೆ ಮಳೆನೀರು ಬಂದರೂ ಅದೇ ಫಲ. ಬೇಷರಂ ಗಿಡದ ವಿಷಯ ಹಾಗಲ್ಲ. ಹೆಸರೇ ಹೇಳುವಂತೆ ಅದಕ್ಕೆ ನಾಚಿಕೆಯಿಲ್ಲ, ಕಡಿದ ತುಂಡು ದಂಡೆಯಲ್ಲಿ ಬಿದ್ದರೆ ಗೆಣ್ಣಿನಿಂದ ಬೇರು ಬಿಡುತ್ತದೆ. ಹೊತ್ತು ಒಯ್ದು ಒಣನೆಲದಲ್ಲಿ ಒಣಗಿಸಿ ಸುಡಬೇಕು.

ಕಾಲುಗಳು ಉದ್ದವಿರುವ ಸಣ್ಣ ಹಕ್ಕಿಗಳಿಗೆ ನೀರು ಇಳಿಯುತ್ತ ಹೋಗುವಾಗ ತೆರೆದುಕೊಳ್ಳುವ ಕೆಸರಂಚು ಬೇಕು. ತೂಬು ಮುಚ್ಚಿ ಕೆರೆಯನ್ನು ಸದಾ ತುಂಬಿಸಿಟ್ಟರೆ ಅವು ಬರುವುದಿಲ್ಲ. ಜನವರಿಯಿಂದ ನಿಧಾನಕ್ಕೆ ನೀರು ಬಿಟ್ಟು ಅಚ್ಚುಕಟ್ಟಿಗೆ ಬಳಸಿದರೆ ರೈತರಿಗೂ ಹಕ್ಕಿಗೂ ಒಂದೇ ವೇಳಾಪಟ್ಟಿ ಒಗ್ಗುತ್ತದೆ. ಹೆಬ್ಬಾತುಗಳು ಹೊಲಕ್ಕೆ ಇಳಿದು ಎಳೆ ಬೆಳೆ ಮೇಯುತ್ತವೆ ಎಂಬ ರೈತರ ದೂರು ಸುಳ್ಳಲ್ಲ, ಅದನ್ನು ಹಗುರವಾಗಿ ತೆಗೆದುಕೊಂಡ ಕಡೆ ಸಂರಕ್ಷಣೆಯ ಮಾತು ಊರಲ್ಲಿ ನಡೆಯುವುದಿಲ್ಲ.

ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಎಣಿಸುವ ಕ್ರಮ ಸರಳ. ಸೂರ್ಯ ಬೆನ್ನಿಗಿರಬೇಕು. ಕೆರೆಯನ್ನು ಗುರುತುಗಳ ಮೇಲೆ ನಾಲ್ಕೈದು ಭಾಗ ಮಾಡಿಕೊಂಡು, ಒಬ್ಬರು ನೋಡಬೇಕು, ಒಬ್ಬರು ಬರೆಯಬೇಕು. ದೊಡ್ಡ ಗುಂಪಾದರೆ ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ನೋಡಿ, ಅದೇ ಅಳತೆಯಲ್ಲಿ ಗುಂಪನ್ನು ಕಣ್ಣಲ್ಲೇ ತುಂಡರಿಸಬೇಕು. ಹಾರುತ್ತಿರುವ ಗುಂಪು ಬೇರೆ ಭಾಗಕ್ಕೆ ಇಳಿದರೆ ಎರಡು ಸಲ ಎಣಿಕೆಯಾಗುತ್ತದೆ, ಆದ್ದರಿಂದ ಹಾರಿದ ಹೊತ್ತು, ದಿಕ್ಕು ಬರೆದಿಡಬೇಕು. ಅದರ ಪಕ್ಕದಲ್ಲಿ ತೂಬಿನ ಕಲ್ಲಿನ ಮಟ್ಟವನ್ನೂ ಬರೆಯಬೇಕು. ಹಕ್ಕಿ ಕಡಿಮೆಯಾದ ವರ್ಷ ನೀರು ಎಷ್ಟಿತ್ತು ಎಂಬುದು ಆ ಒಂದು ಅಂಕಿಯಿಲ್ಲದೆ ತಿಳಿಯುವುದಿಲ್ಲ. ಒಂಬತ್ತೂವರೆಗೆ ಬಿಸಿಲು ನೀರಿನ ಮೇಲೆ ನಡುಗಲು ಶುರುವಾಗುತ್ತದೆ, ದೂರದ ಬಾತುಗಳೆಲ್ಲ ಕಪ್ಪು ಚುಕ್ಕೆಗಳಾಗುತ್ತವೆ. ಆ ಮೇಲಿನ ಎಣಿಕೆ ಹಾಳೆಗೆ ಬರುವುದಿಲ್ಲ.